ಬೀಡಿಗೆ ಹಾಕಿದ ಬೆಸುಗೆ ಪಕ್ಕದಲ್ಲೇ ಏಕೆ ಸೀಳುತ್ತದೆ?

ಓದುಗರ ಪ್ರಶ್ನೆ: ಚಳ್ಳಕೆರೆಯಲ್ಲಿ ನಮ್ಮದೊಂದು ಸಣ್ಣ ಎಣ್ಣೆ ಮಿಲ್ ಇದೆ. ಶೇಂಗಾ ಎಣ್ಣೆ ತೆಗೆಯುವ ಎಕ್ಸ್‌ಪೆಲ್ಲರ್‌ನ ಗೇರ್‌ಬಾಕ್ಸ್ ಬಾಡಿ ಬೀಡಿನದ್ದು, ಅಂದರೆ ಎರಕದ ಕಬ್ಬಿಣದ್ದು (ಕಾಸ್ಟ್ ಐರನ್). ಬುಡದ ಬೋಲ್ಟ್ ತೂತಿನಿಂದ ಬೇರಿಂಗ್ ಕೂರುವ ಜಾಗದ ಕಡೆಗೆ ಒಂದು ಗೇಣಿನಷ್ಟು ಬಿರುಕು ಬಿಟ್ಟಿದೆ. ಎರಡು ಸಲ ವೆಲ್ಡಿಂಗ್ ಮಾಡಿಸಿದೆ. ಮೊದಲ ಸಲ ಮಾಮೂಲಿ ರಾಡ್, ಎರಡನೇ ಸಲ ‘ಬೀಡಿನ ರಾಡ್’ ಎಂದು ಹೇಳಿ ಹಾಕಿದರು. ಎರಡು ಸಲವೂ ತಣ್ಣಗಾಗುವಾಗ ಟಿಣ್ ಎಂದು ಸದ್ದು ಬಂತು, ಬೆಸುಗೆಯ ಪಕ್ಕದಲ್ಲೇ ಕೂದಲೆಳೆಯಷ್ಟು ಗೆರೆ ಮೂಡಿತು. ಒಬ್ಬರು ಸ್ಟೇನ್‌ಲೆಸ್ ರಾಡ್ ಹಾಕಿಸಿ ಎನ್ನುತ್ತಾರೆ, ಒಬ್ಬರು ಕೆಂಪಗೆ ಕಾಯಿಸಿ ಹಾಕಬೇಕು ಎನ್ನುತ್ತಾರೆ, ಇನ್ನೊಬ್ಬರು ಬೀಡಿಗೆ ಬೆಸುಗೆ ನಿಲ್ಲುವುದೇ ಇಲ್ಲ ಎನ್ನುತ್ತಾರೆ. ಹೊಸ ಎರಕಕ್ಕೆ ದಿನ ಹಿಡಿಯುತ್ತದೆ, ಈಗ ಸೀಸನ್. ಏನು ಮಾಡಲಿ? ನಮ್ಮ ಹಳೆಯ ಡೀಸೆಲ್ ಎಂಜಿನ್ನಿನ ಫ್ಲೈವೀಲ್ ಕಡ್ಡಿಯಲ್ಲೂ ಸಣ್ಣ ಗೆರೆ ಕಾಣುತ್ತಿದೆ. ಅದನ್ನೂ ಒಟ್ಟಿಗೆ ಬೆಸೆಸಬಹುದೇ?

ಉತ್ತರ: ಎರಡು ಸಂಗತಿಗಳನ್ನು ನೀವು ಸರಿಯಾಗಿ ಗಮನಿಸಿದ್ದೀರಿ. ಬಿರುಕು ಬಂದದ್ದು ತಣ್ಣಗಾಗುವಾಗ. ಬಂದದ್ದು ಬೆಸುಗೆಯ ಮಗ್ಗುಲಲ್ಲಿ. ರಾಡಿನ ಲೋಹ ಬೀಡಿಗೆ ಚೆನ್ನಾಗಿಯೇ ಹಿಡಿದಿತ್ತು, ಪಕ್ಕದ ಬೀಡೇ ಹರಿದುಹೋಯಿತು ಎಂದು ಇದರಿಂದ ತಿಳಿಯುತ್ತದೆ. ಹಾಗಾಗಿ ‘ಇನ್ನೂ ಗಟ್ಟಿಯಾದ ರಾಡ್ ಯಾವುದು’ ಎಂದು ಹುಡುಕುತ್ತ ಹೋದರೆ ಮೂರನೇ ಸಲವೂ ಅದೇ ಸದ್ದು ಕೇಳಬೇಕಾಗುತ್ತದೆ. ನಿಮ್ಮ ಗೇರ್‌ಬಾಕ್ಸ್ ಉಳಿಯುವುದು ಅಥವಾ ಹೋಗುವುದು ಶಾಖವನ್ನು ಹೇಗೆ ಕೊಡುತ್ತೀರಿ, ಹೇಗೆ ಇಳಿಸುತ್ತೀರಿ ಎಂಬುದರ ಮೇಲೆ.

ಬೀಡಿಗೆ ಬೆಸುಗೆ ನಿಲ್ಲುವುದಿಲ್ಲ ಎಂಬ ಮಾತು ತಪ್ಪು. ಎಂಜಿನ್ ಬ್ಲಾಕು, ಪಂಪಿನ ಬಾಡಿ, ಲೇತಿನ ಹಲ್ಲುಚಕ್ರದ ಪೆಟ್ಟಿಗೆ ಎಲ್ಲವನ್ನೂ ಬೆಸೆದು ವರ್ಷಗಟ್ಟಲೆ ಓಡಿಸಿದ ಅಂಗಡಿಗಳು ದಾವಣಗೆರೆಯಲ್ಲೂ ಹರಿಹರದಲ್ಲೂ ಇವೆ. ಆದರೆ ಆ ಮಾತು ಹುಟ್ಟಿದ್ದಕ್ಕೆ ಕಾರಣವಿದೆ. ಗೇಟು, ಟ್ರ್ಯಾಕ್ಟರ್ ಟ್ರೇಲರ್ ಬೆಸೆಯುವ ಕೈಯಲ್ಲೇ, ಅದೇ ವೇಗದಲ್ಲಿ, ಅದೇ ಕರೆಂಟಿನಲ್ಲಿ ಬೀಡನ್ನೂ ಬೆಸೆದರೆ ಅದು ಖಂಡಿತ ನಿಲ್ಲುವುದಿಲ್ಲ.

ಗೇಟಿಗೆ ಬಳಸುವ ಎಂ.ಎಸ್. (ಮೈಲ್ಡ್ ಸ್ಟೀಲ್) ಕಬ್ಬಿಣದಲ್ಲಿ ಇಂಗಾಲ ಶೇ. 0.25ಕ್ಕಿಂತ ಕಡಿಮೆ. ಬೀಡಿನಲ್ಲಿ ಶೇ. 2.5ರಿಂದ 4ರವರೆಗೆ ಇರುತ್ತದೆ, ಜೊತೆಗೆ ಶೇ. 1ರಿಂದ 3ರಷ್ಟು ಸಿಲಿಕಾನ್. ಈ ಇಂಗಾಲದ ಬಹುಪಾಲು ಗ್ರಾಫೈಟ್ ಆಗಿ, ತೆಳು ಚಕ್ಕೆಗಳ ರೂಪದಲ್ಲಿ ಲೋಹದ ತುಂಬ ಹರಡಿಕೊಂಡಿರುತ್ತದೆ. ಮುರಿದ ಜಾಗ ಬೂದುಬಣ್ಣಕ್ಕೆ ಕಾಣುವುದು, ಡ್ರಿಲ್ ಹಾಕಿದರೆ ಸುರುಳಿಯ ಬದಲು ಕಪ್ಪು ಪುಡಿ ಬೀಳುವುದು ಇದರಿಂದಲೇ. ಬೀಡಿನ ಒಳ್ಳೆಯ ಗುಣವೂ ಈ ಚಕ್ಕೆಗಳಿಂದಲೇ ಬಂದದ್ದು. ಅವು ನಡುಕವನ್ನು ನುಂಗುತ್ತವೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಹಳೆಯ ಲೇತುಗಳ ಹಾಸು ಬೀಡಿನದ್ದಾಗಿರುವುದು ಅದಕ್ಕೇ. ಆದರೆ ಅದೇ ಚಕ್ಕೆಗಳು ಲೋಹದೊಳಗೆ ಸಾವಿರಾರು ಸಣ್ಣ ಸೀಳುಗಳಿದ್ದಂತೆ ವರ್ತಿಸುತ್ತವೆ. ಒತ್ತಿದರೆ ಬೀಡು ಎಳೆತಕ್ಕಿಂತ ಮೂರು ನಾಲ್ಕು ಪಟ್ಟು ತಡೆದುಕೊಳ್ಳುತ್ತದೆ; ಎಳೆದರೆ ಶೇ. 1ರಷ್ಟೂ ಹಿಗ್ಗದೆ ಮುರಿಯುತ್ತದೆ. ಎಂ.ಎಸ್. ಮುರಿಯುವ ಮುನ್ನ ಶೇ. 20ಕ್ಕೂ ಹೆಚ್ಚು ಹಿಗ್ಗುತ್ತದೆ. ಒಂದು ಹಸಿ ಕಣಕ, ಇನ್ನೊಂದು ಖಡಕ್ ರೊಟ್ಟಿ.

ಈಗ ಬೆಸುಗೆ ಹಾಕಿದಾಗ ಆಗುವುದನ್ನು ನೋಡಿ. ಕರಗಿದ ಸಾಲು ಗಟ್ಟಿಯಾಗಿ ತಣಿಯುತ್ತ ಕುಗ್ಗುತ್ತದೆ. ಒಂದಡಿ ಉದ್ದದ ಬೀಡನ್ನು 600 ಡಿಗ್ರಿಯಷ್ಟು ಕಾಯಿಸಿದರೆ ಅದು ಸುಮಾರು 2 ಮಿ.ಮೀ. ಹಿಗ್ಗುತ್ತದೆ, ತಣಿದಾಗ ಅಷ್ಟೇ ಹಿಂದಕ್ಕೆ ಬರಬೇಕು. ಬೆಸುಗೆಯ ಸಾಲು ಹಿಂದಕ್ಕೆ ಬರಲು ನೋಡುತ್ತದೆ, ಸುತ್ತಲಿನ ತಣ್ಣನೆಯ ದಪ್ಪ ಬೀಡು ಬಿಡುವುದಿಲ್ಲ. ಈ ಜಗ್ಗಾಟದಲ್ಲಿ ಯಾವುದಾದರೂ ಒಂದು ಹಿಗ್ಗಬೇಕು. ಬೀಡಿಗೆ ಹಿಗ್ಗುವ ಶಕ್ತಿಯಿಲ್ಲ.

ಇದು ಅರ್ಧ ಕತೆ. ಉಳಿದರ್ಧ ಬೆಸುಗೆಯ ಅಂಚಿನಲ್ಲಿದೆ. ಅಲ್ಲಿ ಬೀಡು ಕರಗಿ ಅಥವಾ ಕರಗುವಷ್ಟು ಕಾದು, ಗ್ರಾಫೈಟಿನ ಇಂಗಾಲ ಕಬ್ಬಿಣದೊಳಗೆ ಬೆರೆಯುತ್ತದೆ. ಪಕ್ಕದ ತಣ್ಣನೆಯ ಬೀಡು ಆ ಶಾಖವನ್ನು ಕ್ಷಣದಲ್ಲಿ ಹೀರಿಕೊಂಡಾಗ ಇಂಗಾಲಕ್ಕೆ ಮತ್ತೆ ಗ್ರಾಫೈಟ್ ಆಗಲು ಸಮಯ ಸಿಗುವುದಿಲ್ಲ. ಅದು ಕಬ್ಬಿಣದ ಕಾರ್ಬೈಡ್ ಆಗಿ, ಅದರಾಚೆಗೆ ಮಾರ್ಟೆನ್ಸೈಟ್ ಎಂಬ ಗಡಸು ರೂಪವಾಗಿ ನಿಂತುಬಿಡುತ್ತದೆ. ಗಾಜಿನಷ್ಟು ಪೆಡಸಾದ ಒಂದು ತೆಳು ಪಟ್ಟಿ ಬೆಸುಗೆಯ ಎರಡೂ ಬದಿಗೆ ಹುಟ್ಟಿಕೊಳ್ಳುತ್ತದೆ. ಕುಗ್ಗುವ ಬೆಸುಗೆ ಜಗ್ಗುವುದು ಇದೇ ಪಟ್ಟಿಯನ್ನು. ನೀವು ಕೇಳಿದ ಸದ್ದು ಅದರದ್ದು.

ಮಾಮೂಲಿ ರಾಡ್ ಏಕೆ ಸೋತಿತು ಎಂಬುದೂ ಇಲ್ಲಿಗೆ ಅರ್ಥವಾಗುತ್ತದೆ. ಎಂ.ಎಸ್. ರಾಡಿನ ಲೋಹ ಬೀಡಿನಿಂದ ಇಂಗಾಲ ಹೀರಿಕೊಂಡು ತಾನೇ ಅರದಂತೆ ಗಡಸಾಗುತ್ತದೆ. ಸ್ಟೇನ್‌ಲೆಸ್ ರಾಡ್ ಹಾಕಿಸಿ ಎಂದವರ ಮಾತನ್ನು ದಯವಿಟ್ಟು ಕೇಳಬೇಡಿ. ಅದರಲ್ಲಿರುವ ಕ್ರೋಮಿಯಂ ಇಂಗಾಲದ ಜೊತೆ ಸೇರಿ ಇನ್ನೂ ಗಡಸು ಕಾರ್ಬೈಡ್ ಮಾಡುತ್ತದೆ, ಸಾಲದ್ದಕ್ಕೆ ಸ್ಟೇನ್‌ಲೆಸ್ ಬೀಡಿಗಿಂತ ಒಂದೂವರೆ ಪಟ್ಟು ಹಿಗ್ಗಿ ಕುಗ್ಗುತ್ತದೆ. ಹಾಕಿದಾಗ ನೋಡಲು ಚೆಂದ, ಸ್ವಲ್ಪ ಹೊತ್ತಿಗೆ ಇಡೀ ಸಾಲು ಪಟ್ಟಿಯಂತೆ ಎದ್ದು ಬರುತ್ತದೆ.

ನಿಕ್ಕಲ್ ರಾಡಿಗೆ ಬೆಲೆ ಇರುವುದು ಈ ಕಾರಣಕ್ಕೆ. ನಿಕ್ಕಲ್ ಇಂಗಾಲದ ಜೊತೆ ಸೇರಿ ಗಡಸು ಕಾರ್ಬೈಡ್ ಆಗುವುದಿಲ್ಲ. ಹೀರಿದ ಇಂಗಾಲ ತಣಿಯುವಾಗ ಗ್ರಾಫೈಟ್ ಆಗಿಯೇ ಹೊರಬೀಳುತ್ತದೆ. ಬೆಸುಗೆ ಮೆತ್ತಗಿರುತ್ತದೆ, ಜಗ್ಗಿದರೆ ತಾನು ಹಿಗ್ಗಿ ಬೀಡನ್ನು ಕಾಪಾಡುತ್ತದೆ. ಅಂಗಡಿಯಲ್ಲಿ ಎರಡು ಬಗೆ ಸಿಗುತ್ತದೆ. ಒಂದರಲ್ಲಿ ಬಹುತೇಕ ಪೂರ್ತಿ ನಿಕ್ಕಲ್. ಪೆಟ್ಟಿಗೆಯ ಮೇಲೆ ಇಎನ್‌ಐ-ಸಿಐ ಎಂದಿರುತ್ತದೆ. ಇನ್ನೊಂದರಲ್ಲಿ ಶೇ. 55ರಷ್ಟು ನಿಕ್ಕಲ್, ಉಳಿದದ್ದು ಹೆಚ್ಚಾಗಿ ಕಬ್ಬಿಣ. ಅದಕ್ಕೆ ಇಎನ್‌ಐಎಫ್ಇ-ಸಿಐ ಎಂಬ ಗುರುತು. ಮೊದಲನೆಯದು ತೆಳು ಭಾಗಕ್ಕೆ ಮತ್ತು ಆಮೇಲೆ ಲೇತಿಗೆ ಹಾಕಿ ಕಡೆಯಬೇಕಾದ ಜಾಗಕ್ಕೆ ಒಳ್ಳೆಯದು. ಎರಡನೆಯದು ಹೆಚ್ಚು ಬಲವುಳ್ಳದ್ದು, ದಪ್ಪ ಭಾಗಕ್ಕೆ ಮತ್ತು ಬೀಡಿಗೆ ಎಂ.ಎಸ್. ಸೇರಿಸಲು ಸರಿ. ‘ಬೀಡಿನ ರಾಡ್’ ಎಂಬ ಹೆಸರಿನಲ್ಲಿ ನಿಕ್ಕಲ್ ಒಂದಿಷ್ಟೂ ಇಲ್ಲದ ಅಗ್ಗದ ರಾಡುಗಳೂ ಮಾರಾಟವಾಗುತ್ತವೆ. ಎರಡನೇ ಸಲ ನಿಮಗೆ ಹಾಕಿದ್ದು ಯಾವುದೆಂದು ಪೆಟ್ಟಿಗೆ ನೋಡಿದ್ದರೆ ತಿಳಿಯುತ್ತಿತ್ತು. ಆದರೆ ಅಸಲಿ ನಿಕ್ಕಲ್ ರಾಡನ್ನೇ ಗೇಣುದ್ದ ಒಂದೇ ಎಳೆತಕ್ಕೆ ಎಳೆದಿದ್ದರೂ ಬಿರುಕು ಬರುತ್ತಿತ್ತು.

ಬೀಡು ಬೆಸೆಯಲು ದಾರಿ ಎರಡು: ಪೂರ್ತಿ ತಣ್ಣಗಿಟ್ಟು ಬೆಸೆಯುವುದು, ಪೂರ್ತಿ ಕಾಯಿಸಿ ಬೆಸೆಯುವುದು. ನಮ್ಮ ಕಡೆ ಹೆಚ್ಚು ನಡೆಯುವುದು ಇವೆರಡರ ನಡುವಿನ ಕೆಲಸ, ಹೆಚ್ಚು ಮುರಿಯುವುದೂ ಅದೇ. ಗ್ಯಾಸ್ ಟಾರ್ಚ್ ಹಿಡಿದು ಬಿರುಕಿನ ಸುತ್ತ ಐದು ನಿಮಿಷ ಕೆಂಪಗೆ ಮಾಡಿ, ‘ಕಾಯಿಸಿದ್ದೇವೆ’ ಎಂದುಕೊಂಡು ಬೆಸೆಯುತ್ತಾರೆ. ಅಂಗೈಯಗಲ ಜಾಗ ಮಾತ್ರ ಕಾದು, ಉಳಿದ ಬಾಡಿ ತಣ್ಣಗಿದ್ದರೆ ಆ ಜಾಗವೇ ಕುಗ್ಗುವಾಗ ಬಿರಿಯುತ್ತದೆ. ಬೆಸುಗೆಯ ಜಗ್ಗಾಟಕ್ಕೆ ಇನ್ನೊಂದು ಜಗ್ಗಾಟ ಸೇರಿಸಿದಂತಾಯಿತು.

ಪೂರ್ತಿ ಕಾಯಿಸುವುದೆಂದರೆ ಬೇರಿಂಗು, ಸೀಲು, ಶಾಫ್ಟು ಎಲ್ಲ ಬಿಚ್ಚಿ, ಇಡೀ ಬಾಡಿಯನ್ನು ಕುಲುಮೆಯಲ್ಲಿ ಅಥವಾ ಇಟ್ಟಿಗೆ ಕಟ್ಟಿದ ಗೂಡಿನಲ್ಲಿ ನಿಧಾನವಾಗಿ 500ರಿಂದ 650 ಡಿಗ್ರಿಗೆ ತರುವುದು, ಬೆಸೆಯುವಷ್ಟು ಹೊತ್ತೂ ಅದೇ ಶಾಖದಲ್ಲಿ ಇಡುವುದು, ಆಮೇಲೆ ಒಂದು ದಿನವಾದರೂ ಹಿಡಿಯುವಂತೆ ಆರಿಸುವುದು. 760 ಡಿಗ್ರಿ ದಾಟಬಾರದು. ನೀವು ಕೇಳಿದ ‘ಕೆಂಪಗೆ ಕಾಯಿಸಿ’ ಎಂಬ ಸಲಹೆಯಲ್ಲಿ ಸತ್ಯವಿರುವುದು ಇಷ್ಟು: ಕತ್ತಲಲ್ಲಿ ನೋಡಿದರೆ ಮಾತ್ರ ಗೊತ್ತಾಗುವ ಮಂಕು ಕೆಂಪು ಸಾಕು. ಆರಿಸಲು ಒಣಗಿದ ಭತ್ತದ ಹೊಟ್ಟಿನ ಬೂದಿಗಿಂತ ಒಳ್ಳೆಯದು ನಮ್ಮ ಜಿಲ್ಲೆಗಳಲ್ಲಿ ಸಿಗಲಾರದು. ಅಕ್ಕಿ ಗಿರಣಿಗಳ ಬಾಯ್ಲರ್ ಬದಿಯಲ್ಲಿ ರಾಶಿ ಬಿದ್ದಿರುತ್ತದೆ. ಅದರಲ್ಲಿ ಹೂತುಬಿಟ್ಟರೆ ಮರುದಿನ ತೆಗೆದಾಗಲೂ ಬೆಚ್ಚಗಿರುತ್ತದೆ. ಬೂದಿ ಹಸಿಯಿರಬಾರದು. ಕಾದ ಬೀಡಿಗೆ ನೀರು, ಫ್ಯಾನು, ಕಂಪ್ರೆಸರ್ ಗಾಳಿ ಯಾವುದೂ ಸೋಕಬಾರದು. ಈ ವಿಧಾನದಲ್ಲಿ ಬೆಸುಗೆ ಬಹಳ ಚೆನ್ನಾಗಿ ಬರುತ್ತದೆ. ಆದರೆ ಕಡೆದು ನಯ ಮಾಡಿದ ಮೈಯೆಲ್ಲ ಚಕ್ಕೆ ಕಟ್ಟುತ್ತದೆ, ಬೇರಿಂಗ್ ಕೂರುವ ಬಾಯಿ ಸೊಟ್ಟಗಾಗಬಹುದು, ಮತ್ತೆ ಬೋರಿಂಗ್ ಮಾಡಿಸಲೇಬೇಕು, ಅಂದರೆ ಆ ಬಾಯನ್ನು ಕಡೆದು ಅಳತೆಗೆ ತರಬೇಕು. ಗೇರ್‌ಬಾಕ್ಸಿಗೆ ನಾನು ಇದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ.

ನಿಮ್ಮ ಕೆಲಸಕ್ಕೆ ತಣ್ಣನೆಯ ದಾರಿಯೇ ಸರಿ. ಅದನ್ನು ವಿವರವಾಗಿ ಬರೆಯುತ್ತೇನೆ, ನಿಮ್ಮ ವೆಲ್ಡರ್‌ಗೆ ಓದಿ ಹೇಳಿ.

ಮೊದಲು ಹಳೆಯ ಎರಡೂ ಬೆಸುಗೆಯನ್ನು ಬುಡಸಹಿತ ತೆಗೆಯಬೇಕು. ಬೆಸುಗೆ ಹೋದ ಮೇಲೂ ಅದರ ಪಕ್ಕದ ಗಡಸು ಪಟ್ಟಿ ಉಳಿದಿರುತ್ತದೆ. ಅರ ಹಾಕಿ ನೋಡಿ: ಅರ ಜಾರಿದರೆ ಇನ್ನೂ ಗಡಸಿದೆ, ಕಚ್ಚಿ ಕಪ್ಪು ಪುಡಿ ಬಂದರೆ ಒಳ್ಳೆಯ ಬೀಡು ತಲುಪಿದ್ದೀರಿ. ಸಾಮಾನ್ಯವಾಗಿ ಬೆಸುಗೆಯಿಂದಾಚೆ 3 ಮಿ.ಮೀ. ತೆಗೆದರೆ ಸಾಕಾಗುತ್ತದೆ. ಆಮೇಲೆ ಬಿರುಕಿನ ಅಸಲಿ ತುದಿ ಹುಡುಕಿ. ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಸೀಮೆಸುಣ್ಣ ಬಳಿಯಿರಿ. ಬಿರುಕಿನೊಳಗೆ ಇಳಿದ ಎಣ್ಣೆ ಸುಣ್ಣದ ಮೇಲೆ ಗೆರೆಯಾಗಿ ಮೂಡುತ್ತದೆ. ಕಣ್ಣಿಗೆ ಕಂಡದ್ದಕ್ಕಿಂತ ಬಿರುಕು ಮುಂದೆ ಹೋಗಿರುವುದೇ ಹೆಚ್ಚು. ಆ ತುದಿಯಿಂದ ಸ್ವಲ್ಪ ಮುಂದೆ 4ರಿಂದ 6 ಮಿ.ಮೀ. ತೂತು ಕೊರೆಯಿರಿ. ಚೂಪಾದ ತುದಿ ದುಂಡಗಾದರೆ ಬಿರುಕು ಮುಂದೆ ಓಡುವುದಿಲ್ಲ. ಬಳಿಕ ಬಿರುಕಿನುದ್ದಕ್ಕೂ 60ರಿಂದ 90 ಡಿಗ್ರಿ ಅಗಲದ ವಿ ಆಕಾರದ ಕಾಲುವೆ. ಗ್ರೈಂಡರ್ ಕಲ್ಲು ಗ್ರಾಫೈಟನ್ನು ಮೈತುಂಬ ಸವರಿಬಿಡುತ್ತದೆ, ಅದರ ಮೇಲೆ ಬೆಸುಗೆ ಸರಿಯಾಗಿ ಹಿಡಿಯುವುದಿಲ್ಲ. ಕೊನೆಯ ಕೈ ಉಳಿ ಅಥವಾ ಅರದಲ್ಲಿ ಆಗಲಿ.

ಎಣ್ಣೆ ಮಿಲ್ಲಿನ ಬೀಡಿಗೆ ಇನ್ನೊಂದು ತೊಂದರೆಯಿದೆ. ಗೇರ್ ಎಣ್ಣೆ, ಶೇಂಗಾ ಎಣ್ಣೆ ಎರಡೂ ವರ್ಷಾನುಗಟ್ಟಲೆ ಅದರೊಳಗೆ ಇಂಗಿರುತ್ತವೆ. ಮೇಲೆ ಒರೆಸಿದರೆ ಹೋಗುವುದಿಲ್ಲ. ಟಾರ್ಚಿನ ಮೆತ್ತನೆ ಜ್ವಾಲೆಯನ್ನು ಅಗಲವಾಗಿ ಆಡಿಸುತ್ತ, ಹೊಗೆ ನಿಲ್ಲುವವರೆಗೆ ನಿಧಾನವಾಗಿ ಕಾಯಿಸಿ, ಪೂರ್ತಿ ಆರಲು ಬಿಡಿ. ಅದಕ್ಕೂ ಮುಂಚೆ ಗೇರ್‌ಬಾಕ್ಸ್ ಎಣ್ಣೆ ಬಸಿದು, ಮುಚ್ಚಳಗಳೆಲ್ಲ ತೆಗೆದಿರಬೇಕು. ಮುಚ್ಚಿದ ಪೆಟ್ಟಿಗೆಯೊಳಗೆ ಎಣ್ಣೆಯ ಆವಿ ತುಂಬಿದರೆ ಸಿಡಿಯುತ್ತದೆ. ಪೆಟ್ರೋಲಿನಲ್ಲಂತೂ ತೊಳೆಯಲೇಬೇಡಿ. ಇಷ್ಟಾದರೂ ಮೊದಲ ಸಾಲಿನಲ್ಲಿ ಗುಳ್ಳೆ ಕಂಡರೆ ಅದನ್ನು ಕಡಿದು ತೆಗೆದು ಮತ್ತೆ ಹಾಕಬೇಕು. ಗುಳ್ಳೆಯ ಮೇಲೆ ಇನ್ನೊಂದು ಸಾಲು ಹಾಕಿದರೆ ಗುಳ್ಳೆ ಒಳಗೆ ಉಳಿಯುತ್ತದೆ.

ಬೆಸೆಯುವಾಗ ಬಾಡಿ ಬೆಚ್ಚಗಿರಲಿ, ಕೈ ಇಡಲಾಗದಷ್ಟು ಬಿಸಿ ಎಂದೂ ಆಗಬಾರದು. ಬೇಸಿಗೆಯಲ್ಲಾದರೆ ಬೆಳಗಿನ ಬಿಸಿಲಿಗೆ ಇಟ್ಟರೂ ಸಾಕು. ರಾಡ್ 2.5 ಮಿ.ಮೀ., ಕರೆಂಟು 60ರಿಂದ 80 ಆಂಪಿಯರ್. ರಾಡ್ ಹೊತ್ತಿಕೊಂಡು ಸರಾಗವಾಗಿ ಹರಿಯುವ ಅತಿ ಕಡಿಮೆ ಮಟ್ಟದಲ್ಲಿ ಇಡಿ. ಮೊದಲು ಕಾಲುವೆಯ ಎರಡೂ ಗೋಡೆಗೆ ತೆಳುವಾಗಿ ನಿಕ್ಕಲ್ ಬಳಿಯಿರಿ, ಎರಡನ್ನೂ ಕೂಡಿಸಲು ಹೋಗಬೇಡಿ. ಆ ಪದರ ಮುಗಿದ ಮೇಲೆ ನಡುವೆ ತುಂಬುತ್ತ ಬನ್ನಿ. ಹೀಗೆ ಮಾಡಿದರೆ ಕುಗ್ಗುವ ಜಗ್ಗಾಟದ ಬಹುಪಾಲು ನಿಕ್ಕಲ್ ನಿಕ್ಕಲ್ ನಡುವೆಯೇ ನಡೆಯುತ್ತದೆ.

ಪ್ರತಿ ಸಾಲು ಒಂದು ಅಂಗುಲ, ಅದಕ್ಕಿಂತ ಉದ್ದ ಬೇಡ. ರಾಡನ್ನು ಅತ್ತಿತ್ತ ಆಡಿಸದೆ ನೇರ ಎಳೆಯಬೇಕು. ಸಾಲು ಮುಗಿದ ಕೂಡಲೇ, ಅದು ಇನ್ನೂ ಬಿಸಿಯಿರುವಾಗಲೇ, ದುಂಡುಮೂತಿಯ ಸುತ್ತಿಗೆಯಿಂದ ಸಾಲಿನುದ್ದಕ್ಕೂ ಹಗುರವಾಗಿ ಬಡಿಯಬೇಕು. ಬಡಿತಕ್ಕೆ ಬೆಸುಗೆ ತುಸು ಹಿಗ್ಗಿ, ಕುಗ್ಗುವುದಕ್ಕೆ ಸಮನಾಗುತ್ತದೆ. ಏಟು ಬೆಸುಗೆಯ ಮೇಲೆ ಮಾತ್ರ ಬೀಳಲಿ, ಬೀಡಿನ ಮೇಲೆ ಬೇಡ. ನಂತರ ಬರಿಗೈಯನ್ನು ಸಾಲಿನ ಪಕ್ಕದಲ್ಲಿಟ್ಟು ನೋಡಿ. ಕೈ ನಿಲ್ಲುವವರೆಗೆ ಮುಂದಿನ ಸಾಲು ಬೇಡ. ಮುಂದಿನದನ್ನು ಅದರ ಪಕ್ಕದಲ್ಲೇ ಹಾಕದೆ ದೂರದಲ್ಲಿ ಹಾಕಿ, ನಡುವಿನದನ್ನು ಆಮೇಲೆ ತುಂಬಿ. ಒಟ್ಟು ನಡೆ ಬೇರಿಂಗ್ ಕಡೆಯ ಒಳತುದಿಯಿಂದ ಬೋಲ್ಟ್ ತೂತಿನ ಹೊರ ಅಂಚಿನತ್ತ ಇರಲಿ.

ಗೇಣುದ್ದದ ಬಿರುಕಿಗೆ ಹೀಗೆ ಮಾಡಿದರೆ ಒಂದು ಇಡೀ ದಿನ ಬೇಕು. ಆ ದಿನದ ಹೆಚ್ಚಿನ ಹೊತ್ತು ವೆಲ್ಡರ್ ಸುಮ್ಮನೆ ಕೂತಿರುತ್ತಾನೆ. ಇಲ್ಲಿ ಮಾಲೀಕರಿಗೆ ಒಂದು ಮಾತು ಹೇಳಲೇಬೇಕು. ರಾಡಿನ ಲೆಕ್ಕದಲ್ಲೋ ಅಂಗುಲದ ಲೆಕ್ಕದಲ್ಲೋ ಕೂಲಿ ಕೊಟ್ಟರೆ ಯಾವ ವೆಲ್ಡರ್ ಕಾಯುತ್ತಾನೆ? ಅವನಿಗೂ ಸಂಸಾರವಿದೆ, ಹೊರಗೆ ಮೂರು ಟ್ರೇಲರ್ ನಿಂತಿರುತ್ತವೆ. ‘ಬೇಗ ಮುಗಿಸಪ್ಪ, ಮಿಲ್ ನಿಂತಿದೆ’ ಎಂದು ಪಕ್ಕದಲ್ಲಿ ನಿಂತು ಅವಸರ ಮಾಡಿದರಂತೂ ಕೆಲಸ ಕೆಟ್ಟಂತೆಯೇ. ದಿನದ ಕೂಲಿ ಮಾತಾಡಿ, ಕಾಯುವ ಹೊತ್ತಿಗೂ ಸೇರಿಸಿ ಕೊಡಿ. ಬೀಡಿನ ಬೆಸುಗೆ ಹಾಳಾದ ಪ್ರಕರಣಗಳಲ್ಲಿ ಕೈಚಳಕದ ಕೊರತೆಗಿಂತ ಈ ಅವಸರವನ್ನೇ ನಾನು ಹೆಚ್ಚು ಕಂಡಿದ್ದೇನೆ.

ನಿಕ್ಕಲ್ ಹೊಗೆ ಒಳ್ಳೆಯದಲ್ಲ. ಗಾಳಿಯಾಡುವ ಜಾಗದಲ್ಲಿ, ಸರಿಯಾದ ಮಾಸ್ಕ್ ಹಾಕಿಕೊಂಡು ಮಾಡಲಿ. ಹಾಲು ಕುಡಿದರೆ, ಬೆಲ್ಲ ತಿಂದರೆ ಹೊಗೆ ಹೊರಗೆ ಹೋಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ.

ಹಿತ್ತಾಳೆ ಬೆಸುಗೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಗ್ಯಾಸಿನಲ್ಲಿ ಹಿತ್ತಾಳೆ ರಾಡ್ ಸುಮಾರು 900 ಡಿಗ್ರಿಗೆ ಕರಗಿ ಹರಿಯುತ್ತದೆ, ಬೀಡು ಕರಗುವುದಿಲ್ಲ, ಹಾಗಾಗಿ ಬಿರುಕಿನ ಭಯ ಕಡಿಮೆ. ಪಂಪಿನ ಬಾಡಿಗೆ, ಕಾಲು ಮುರಿದ ಹೊಲಿಗೆ ಯಂತ್ರಕ್ಕೆ ಬಹಳ ಒಳ್ಳೆಯ ವಿಧಾನ. ನಿಮ್ಮಲ್ಲಿ ಎಣ್ಣೆ ಆಳಕ್ಕೆ ಇಳಿದಿರುವುದರಿಂದ ಹಿತ್ತಾಳೆ ಮೈಗೆ ಹರಡಿಕೊಳ್ಳದೆ ಮಣಿಯಂತೆ ಉರುಳುವ ಅಪಾಯವಿದೆ. ಇನ್ನೊಂದು ಗಟ್ಟಿ ಎಚ್ಚರಿಕೆ: ಒಮ್ಮೆ ಹಿತ್ತಾಳೆ ಹಾಕಿದ ಜಾಗಕ್ಕೆ ಆಮೇಲೆ ಆರ್ಕ್ (ಕರೆಂಟಿನ) ಬೆಸುಗೆ ಹಾಕಲಾಗದು. ತಾಮ್ರ ಬೆರೆತು ಬೆಸುಗೆಯೇ ಒಡೆಯುತ್ತದೆ. ಆ ದಾರಿಗೆ ಹೋದರೆ ಹಿಂದಿರುಗುವ ದಾರಿಯಿಲ್ಲ ಎಂದು ತಿಳಿದೇ ಹೋಗಬೇಕು. ಅದರ ಹೊಗೆಯಲ್ಲಿ ಸತುವಿರುತ್ತದೆ, ಆ ಹೊಗೆ ಉಸಿರಾಡಿದವರಿಗೆ ಆ ರಾತ್ರಿ ಚಳಿಜ್ವರ ಬರಬಹುದು.

ಶಾಖವೇ ಇಲ್ಲದೆ, ಬಿರುಕಿನುದ್ದಕ್ಕೂ ತೂತು ಕೊರೆದು ಲೋಹದ ಬೀಗ ಕೂರಿಸಿ ಹೊಲಿಯುವ ವಿಧಾನವೂ ಇದೆ. ಎಂಜಿನ್ ಬ್ಲಾಕಿಗೆ ಅದು ಅತ್ಯುತ್ತಮ. ಬಲ್ಲವರು ಹತ್ತಿರ ಸಿಕ್ಕರೆ ವಿಚಾರಿಸಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಬೆಸುಗೆಯೊಂದನ್ನೇ ನಂಬುವುದಿಲ್ಲ. ಎಕ್ಸ್‌ಪೆಲ್ಲರ್‌ನ ಶಾಫ್ಟ್ ಬೀಜವನ್ನು ಮುಂದಕ್ಕೆ ನೂಕುವಷ್ಟೇ ಬಲದಿಂದ ಹಿಂದಕ್ಕೂ ಒತ್ತುತ್ತದೆ. ಆ ಬಲ ಥ್ರಸ್ಟ್ ಬೇರಿಂಗ್ ಮೂಲಕ ಬಾಡಿಗೆ ಬಂದು ಬುಡದ ಬೋಲ್ಟುಗಳನ್ನು ಜಗ್ಗುತ್ತದೆ. ಬಿರುಕು ಅಲ್ಲೇ ಬಂದಿರುವುದು ಆಕಸ್ಮಿಕವಲ್ಲ. ಶೇ. 55 ನಿಕ್ಕಲ್ ರಾಡಿನಲ್ಲಿ ಬೆಸೆದು, ಮೇಲೊಂದು 10 ಅಥವಾ 12 ಮಿ.ಮೀ. ದಪ್ಪದ ಎಂ.ಎಸ್. ಪಟ್ಟಿಯನ್ನು ಬಾಗಿಸಿ ಕೂರಿಸಿ ಬೋಲ್ಟು ಹಾಕಿ. ಪಟ್ಟಿಯನ್ನು ಬೆಸೆಯಬೇಡಿ, ಬೋಲ್ಟೇ ಸಾಕು. ಎಳೆತವನ್ನು ಪಟ್ಟಿ ಹೊರುತ್ತದೆ.

ಜೊತೆಜೊತೆಗೇ ಹೊಸ ಎರಕಕ್ಕೂ ಹೇಳಿಬಿಡಿ. ಸೀಸನ್ ಮುಗಿದ ಮೇಲೆ ಬದಲಾಯಿಸಬಹುದು. ಹಳೆಯ ಬಾಡಿಯನ್ನೇ ಮಾದರಿಯಾಗಿ ಕೊಡುವಿರಾದರೆ ಒಂದು ವಿಷಯ ನೆನಪಿಸಿ: ಬೀಡು ಅಚ್ಚಿನಲ್ಲಿ ತಣಿಯುವಾಗ ಸುಮಾರು ಶೇ. 1ರಷ್ಟು ಕುಗ್ಗುತ್ತದೆ. ಹಾಗೇ ಎರೆದರೆ ಹೊಸದು ಹಳೆಯದಕ್ಕಿಂತ ಚಿಕ್ಕದಾಗಿ ಬರುತ್ತದೆ, ಕಡೆಯುವಷ್ಟು ಲೋಹವೂ ಉಳಿದಿರುವುದಿಲ್ಲ. ಆ ಮಾದರಿಯ ಮೈಯನ್ನು ಮೊದಲೇ ಅಷ್ಟು ದಪ್ಪ ಮಾಡಿಸಬೇಕು.

ಮೊದಲ ಬಿರುಕು ಏಕೆ ಬಂತು ಎಂಬುದನ್ನು ನೀವು ಬರೆದಿಲ್ಲ. ಬುಡದ ನಾಲ್ಕೂ ಬೋಲ್ಟು ಸಡಿಲಿಸಿ, ಒಂದೊಂದು ಕಾಲಿನ ಕೆಳಗೂ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ. ಒಂದು ಕಾಲು ಎತ್ತರದಲ್ಲಿ ನಿಂತಿದ್ದರೆ, ಅದನ್ನು ಬೋಲ್ಟಿನಿಂದ ಬಗ್ಗಿಸಿ ಕೂರಿಸಿದ ದಿನವೇ ಬಿರುಕಿಗೆ ಬೀಜ ಬಿದ್ದಿರುತ್ತದೆ. ಕೆಳಗೆ ತೆಳು ತಗಡು ಕೊಟ್ಟು ಸಮ ಮಾಡಿ. ಶೇಂಗಾ ಜೊತೆ ಕಲ್ಲು, ಮೊಳೆ ಹೋಗದಂತೆ ಮೇಲೆ ಜಾಲರಿ ಮತ್ತು ಅಯಸ್ಕಾಂತ ಇವೆಯೇ ನೋಡಿ. ಇವನ್ನು ಸರಿಮಾಡದಿದ್ದರೆ ಹೊಸ ಎರಕವೂ ಅಲ್ಲೇ ಬಿರಿಯುತ್ತದೆ.

ಬೆಸುಗೆ ಮುಗಿದು ಒಂದು ರಾತ್ರಿ ಕಳೆದ ಮೇಲೆ ಮತ್ತೆ ಸೀಮೆಎಣ್ಣೆ, ಸುಣ್ಣದ ಪರೀಕ್ಷೆ ಮಾಡಿ. ತಡವಾಗಿ ಬರುವ ಬಿರುಕುಗಳಿರುತ್ತವೆ. ಬೇರಿಂಗ್ ಬಾಯಿಯನ್ನು ಅಳೆಯಿಸಿಯೇ ಬೇರಿಂಗ್ ಹಾಕಿ.

ಕೊನೆಗೆ ಫ್ಲೈವೀಲ್. ಅದಕ್ಕೆ ನನ್ನ ಉತ್ತರ ಬೇಡ ಎಂದೇ. ನಿಕ್ಕಲ್ ರಾಡ್, ಹಿತ್ತಾಳೆ, ಕುಲುಮೆ ಯಾವುದರಿಂದಲೂ ಬೇಡ. ಗೇರ್‌ಬಾಕ್ಸ್ ಬಾಡಿ ಮತ್ತೆ ಬಿರಿದರೆ ಎಣ್ಣೆ ಸೋರುತ್ತದೆ, ಮಿಲ್ ನಿಲ್ಲುತ್ತದೆ, ಅಷ್ಟೇ ನಷ್ಟ. ಕ್ವಿಂಟಲ್ ತೂಗುವ ಚಕ್ರ ತಿರುಗುತ್ತಿರುವಾಗ ಕಡ್ಡಿ ಮುರಿದರೆ ತುಂಡುಗಳು ಗೋಡೆ ಒಡೆದುಕೊಂಡು ಹೋಗುತ್ತವೆ. ಚಕ್ರ ತಿರುಗುವಾಗ ಅದರ ಕಡ್ಡಿಗಳು ಸದಾ ಎಳೆತದಲ್ಲಿರುತ್ತವೆ; ವೇಗ ಎರಡು ಪಟ್ಟಾದರೆ ಆ ಎಳೆತ ನಾಲ್ಕು ಪಟ್ಟು. ಬೆಸೆದ ಕಡ್ಡಿಯೊಳಗೆ ಉಳಿದ ಜಗ್ಗಾಟ ಎಷ್ಟೆಂದು ನಮ್ಮ ಅಂಗಡಿಗಳಲ್ಲಿ ಅಳೆಯುವ ಸಾಧನವಿಲ್ಲ. ಈ ಪತ್ರ ಓದುವ ಹೊತ್ತಿಗೂ ಆ ಎಂಜಿನ್ ಓಡುತ್ತಿದ್ದರೆ ಇವತ್ತೇ ನಿಲ್ಲಿಸಿ, ಬಿರುಕಿಲ್ಲದ ಬೇರೆ ಚಕ್ರ ಹುಡುಕಿ ಹಾಕಿದ ಮೇಲೆಯೇ ಚಾಲೂ ಮಾಡಿ.